ಎಡಗಡೆಯ ಹೊಲಿಗೆ

ಶಹಾಪುರ
ಶುಕ್ರವಾರ, 2 ಫೆಬ್ರುವರಿ 2024

ನನ್ನ ಭಾರತಿಗೆ ಅವ್ವ ಮಾಡುವ ಆಶೀರ್ವಾದ. ನಿಮ್ಮ ಅತ್ತೆಯವರಿಗೂ ಅಳಿಯ ಭೀಮಾಶಂಕರ ಅವರಿಗೂ ನನ್ನ ನಮಸ್ಕಾರ ತಿಳಿಸು. ಈ ಪತ್ರವನ್ನು ಅವರಿಗೂ ಓದಿ ಹೇಳು. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಹೆದರಿಕೆಯಲ್ಲಿ ನನ್ನ ಮಾತು ಅಡ್ಡಾದಿಡ್ಡಿಯಾಗುತ್ತದೆ, ಅದಕ್ಕೇ ಕುಳಿತು ಬರೆಯುತ್ತಿದ್ದೇನೆ. ನಿನ್ನೆ ಬ್ಯಾಂಕಿನ ಸಾಹೇಬರು ಅಂಗಡಿಗೆ ಬಂದಿದ್ದರು. ಲಾಕ್‌ಡೌನಿನ ವರ್ಷ ಮದುವೆಗಳೆಲ್ಲ ನಿಂತು, ನಾವು ತಾಯಿ-ಮಗಳು ಮಾಸ್ಕ್ ಹೊಲಿದು ಹೊಟ್ಟೆ ಹೊರೆದದ್ದು ನಿನಗೆ ನೆನಪಿದೆ. ಆಗ ಸಿಕ್ಕ ಸಾಲದಿಂದಲೇ ಸೀರೆಯ ಅಂಚಿಗೆ ಪಿಕೋ ಹಾಕುವ ಆ ಮಷೀನು ಬಂದದ್ದು. ಅಡವಿಡಲು ನಮ್ಮ ಬಳಿ ಹೊಲವಿರಲಿಲ್ಲ, ಮನೆಯಿರಲಿಲ್ಲ. ಸರ್ಕಾರವೇ ನಮಗೆ ಜಾಮೀನು ನಿಂತಿತ್ತು. ಸಾಲ ತೀರುವ ತನಕ ಮಷೀನು ಅಂಗಡಿ ಬಿಟ್ಟು ಕದಲಬಾರದು ಎಂದು ಸಹಿ ಹಾಕಿಸಿಕೊಂಡಿದ್ದರು. ನಿನ್ನ ಮದುವೆಯಲ್ಲಿ ಅತ್ತೆಯವರು ಅದನ್ನೇ ಬಾಯಿಬಿಟ್ಟು ಕೇಳಿದಾಗ ನಾನು ಆ ಮಾತನ್ನು ಮರೆತು ಕೊಟ್ಟುಬಿಟ್ಟೆ. ಮರೆತೆ ಎಂದೇ ಬರೆಯುತ್ತೇನೆ.

ಕಂತು ಒಂದೂ ತಪ್ಪಿಲ್ಲ ಎಂದೆ. ಸಾಹೇಬರು ಕಂತಿನ ಮಾತೇ ಎತ್ತಲಿಲ್ಲ. ಖಾಲಿ ಮೂಲೆ ನೋಡಿ, "ಮಷೀನ್ ಎಲ್ಲೈತ್ರಿ? ಸೋಮವಾರ ಮತ್ತ ಬರ್ತೀನಿ, ಇಲ್ಲೇ ಇರಬೇಕು ನೋಡ್ರಿ," ಎಂದರು. ಇಲ್ಲದಿದ್ದರೆ ಪೊಲೀಸರಿಗೆ ಬರೆಯುತ್ತಾರಂತೆ. ಮಷೀನು ಯಾರ ಮನೆಯಲ್ಲಿದೆಯೋ ಆ ಮನೆಗೂ ನೋಟಿಸು ಹೋಗುತ್ತದಂತೆ. ಆಗಿನಿಂದ ಕೆಲಸ ಕೈಗೆ ಹತ್ತುತ್ತಿಲ್ಲ. ಪಕ್ಕದ ಬಳೆಯಂಗಡಿಯ ಹಜರಾಬೀ ಬಂದು ಸೂಜಿಗೆ ದಾರ ಪೋಣಿಸಿಕೊಟ್ಟು ಹೋದಳು.

ಅಳಿಯನ ಹೆಸರು ಇದರಲ್ಲಿ ಬರುವುದು ನನಗೆ ಬೇಡ. ಅದಕ್ಕೇ ನಮ್ಮ ಓಣಿಯ ಯಂಕಣ್ಣನ ಸರಕಿನ ಟಂಟಂ ಗಾಡಿ ಹುಣಸಗಿಗೆ, ನಿಮ್ಮ ಮನೆಗೆ ಕಳಿಸಿದ್ದೇನೆ, ಅಳಿಯನವರು ಮಷೀನು ಹೇರಿ ಕಳಿಸಲಿ. ಬರೀ ಮಷೀನು ಸಾಲದು, ಅದನ್ನು ನಡೆಸುವವಳೂ ಎದುರಿಗಿರಬೇಕು ಎಂದು ಸಾಹೇಬರು ಹೇಳಿದ್ದಾರೆ. ಪಿಕೋ ಹಾಕುವುದು ನನಗೆ ಬರುವುದಿಲ್ಲ. ಹಾಗಾಗಿ ನೀನೂ ಬರಬೇಕು. ತಪಾಸಣೆ ಮುಗಿದ ಮೇಲೆ ನಾನೇ ಬಂದು ನಿನ್ನನ್ನೂ ಮಷೀನನ್ನೂ ಬಿಟ್ಟು ಹೋಗುತ್ತೇನೆ.

ಜೊತೆಗೊಂದು ಕುಪ್ಪಸ ಕಳಿಸಿದ್ದೇನೆ. ನನ್ನ ಹೊಲಿಗೆ ಬಿಗಿ ಎಂದು ಸದಾ ಗೊಣಗುತ್ತೀಯ. ಒಳಗೆ ಬಟ್ಟೆ ಬಿಟ್ಟಿದ್ದೇನೆ. ಎಡಗಡೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊ. ಬರುವಾಗ ಅದನ್ನೇ ತೊಟ್ಟು ಬಾ.

ನಿನ್ನ ಅವ್ವ,
ಹಣಮಂತಮ್ಮ

ತಾ.ಕ. (ಕುಪ್ಪಸದ ಎಡಗಡೆಯ ಹೊಲಿಗೆಯೊಳಗೆ)

ಭಾರತಿ, ಸಾಹೇಬರು ಬಂದದ್ದು ನಿಜ, ಸೋಮವಾರ ಬರುವುದೂ ನಿಜ. ಆದರೆ ಅವರು ಕೇಳಿದ್ದು ಮಷೀನು ಮಾತ್ರ. ನೀನೂ ಇರಬೇಕು ಎಂದದ್ದು ನನ್ನ ಸುಳ್ಳು. ನಿನಗೆ ಪಿಕೋ ಕಲಿಸಿದವಳೇ ನಾನು ಎಂದು ನಿನ್ನ ಅತ್ತೆಯ ಮನೆಯವರಿಗೇನು ಗೊತ್ತು.

ಹೋದ ರವಿವಾರ ಮಾತು ಮುಗಿಸಿದ ಮೇಲೆ ನಿನ್ನ ಫೋನು ಬಂದ್ ಆಗಿರಲಿಲ್ಲ. "ಹೊಡೀಬ್ಯಾಡ್ರಿ, ಅವ್ವಗ ನಾ ಏನೂ ಹೇಳಿಲ್ರಿ," ಎಂದೆಯಲ್ಲ, ಅದನ್ನು ಕೇಳಿದೆ. ಬ್ಯಾಂಕಿನ ಹೆದರಿಕೆ ಇದ್ದೇ ಇದೆ, ಆದರೆ ನಿದ್ದೆ ಕೆಡಿಸಿದ್ದು ಅದಲ್ಲ.

ಅತ್ತೆಯ ಮನೆಯವರು ಮಷೀನು ಕೊಡದಿದ್ದರೆ ವಾದ ಮಾಡಬೇಡ, ಖಾಲಿ ಟಂಟಂ ಹತ್ತಿಬಿಡು. ಸೋಮವಾರ ಆ ಮೂಲೆ ಖಾಲಿಯೇ ಇದ್ದರೆ ಸಾಹೇಬರಿಗೆ ಉತ್ತರ ಕೊಡುವವಳು ನಾನು. ಯಂಕಣ್ಣನಿಗೆ ಎಲ್ಲ ಹೇಳಿದ್ದೇನೆ. ನೀನು ಹತ್ತುವ ತನಕ ಅವನು ಗಾಡಿಯ ಎಂಜಿನ್ ಬಂದ್ ಮಾಡುವುದಿಲ್ಲ.