ರಾಚಮ್ಮನ ಹೆಬ್ಬೆಟ್ಟು

ಲೊಕ್ಕನಹಳ್ಳಿ
೧೧ ಸೆಪ್ಟೆಂಬರ್ ೧೯೬೯

ಅಕ್ಕರೆಯ ವಿಜಯಕ್ಕನಿಗೆ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ದೀಪಾವಳಿಯ ಹೊತ್ತಿಗೆ ಕೊಳ್ಳೇಗಾಲಕ್ಕೆ ಬಾ, ನನ್ನ ಮಗುವನ್ನು ಮೊದಲು ನೀನೇ ಹಿಡಿಯಬೇಕು ಎಂದು ಬರೆದಿದ್ದೀಯೆ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಬರಲಾರೆ ಅಕ್ಕ. ಪೂರ್ತಿ ಓದಿ ಆಮೇಲೆ ಸಿಟ್ಟು ಮಾಡು. ಅಪ್ಪನಿಗೆ ಮಾತ್ರ ಓದಿ ಹೇಳಬೇಡ; ಮಗಳು ನರ್ಸಮ್ಮ ಎಂದು ಮಗ್ಗದ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುವವರು ಅವರು.

ನಾನು ಇಲ್ಲಿಗೆ ಹೊರಟಾಗ ಟ್ರಂಕಿನಲ್ಲಿ ಸೀರೆಗಿಂತ ಕರಪತ್ರಗಳೇ ಹೆಚ್ಚಿವೆ ಎಂದು ನಕ್ಕಿದ್ದೆಯಲ್ಲ. ಬಾಣಂತಿಯರು ಸಾಯುವುದು ಹಣೆಬರಹದಿಂದಲ್ಲ, ಉಳ್ಳವರಿಗೆ ಸಿಗುವ ಆರೈಕೆ ಇಲ್ಲದವರಿಗೆ ಸಿಗದಿರುವುದರಿಂದ ಎಂಬುದನ್ನು ಅವುಗಳಿಂದಲೇ ಕಲಿತೆ. ಈಗಲೂ ನಂಬುತ್ತೇನೆ. ಆದರೆ ನಾನು ಮಾಡಿದ್ದನ್ನು ಕೇಳು.

ಇಲ್ಲಿನ ಕೇರಿಯಲ್ಲಿ ರಾಚಮ್ಮ ಎಂಬ ಸೂಲಗಿತ್ತಿ ಇದ್ದಾಳೆ. ಮೂವತ್ತು ವರ್ಷದಿಂದ ಇಡೀ ಊರಿಗೆ ಅವಳೇ. ಮೇಲಿನ ಬೀದಿಯವರು ನೋವು ಬಂದಾಗ ಅವಳನ್ನು ಒಳಕೋಣೆಗೆ ಕರೆಯುತ್ತಾರೆ, ಹನ್ನೊಂದನೆಯ ದಿನ ಮತ್ತೆ ಅಂಗಳದಲ್ಲಿ ನಿಲ್ಲಿಸುತ್ತಾರೆ. ಅವಳು ಹೊಕ್ಕುಳಬಳ್ಳಿಯನ್ನು ಕುಡುಗೋಲಿನಲ್ಲಿ ಕೊಯ್ಯುತ್ತಿದ್ದಳು. ನಾನು ಬಂದ ತಿಂಗಳಲ್ಲೇ ಒಂದು ಕೂಸು ಧನುರ್ವಾಯು ಬಂದು ಸೆಟೆದು ಸತ್ತಿತು. ನನಗೆ ಬೆಂಕಿ ಬಿದ್ದಂತಾಯಿತು. ಬ್ಲೇಡು ಕೊಟ್ಟು ಕಲಿಸಬಹುದಿತ್ತು. ಕಲಿಸಲಿಲ್ಲ. ನರ್ಸಮ್ಮ ಬರುವವರೆಗೆ ಯಾವ ಹೆರಿಗೆಗೂ ಕೈ ಹಾಕುವುದಿಲ್ಲ, ಹಾಕಿದರೆ ಪೊಲೀಸಿಗೆ ಒಪ್ಪಿಸಬಹುದು ಎಂದು ಕಾಗದ ಬರೆದು, ಊರವರ ಮುಂದೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡೆ. ಬೆರಳಿಗೆ ಮಸಿ ಹಚ್ಚುವಾಗ ಅವಳು, “ನಿನ್ನಂತೋರ್ನ ಎಷ್ಟು ಜನಾನೋ ಇಡ್ದಿರೋ ಕೈ ಕಣವ್ವ ಇದು, ಮಸಿ ಬಳೀತಿದ್ದೀಯಲ್ಲ” ಎಂದಳು. ಊರವರು ನಕ್ಕರು. ನಾನೂ ನಕ್ಕೆ.

ಜುಲೈನಲ್ಲಿ ಒಂದು ಬೆಳಿಗ್ಗೆ ಪುಟ್ಟಮಾದಪ್ಪನವರ ಮನೆಯ ಗಾಡಿ ಬಂತು, ಸೊಸೆಗೆ ನೋವು ಎಂದು. ಊರಿನ ದೊಡ್ಡ ಜಮೀನುದಾರರು ಅವರು. ನಾನು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಕೇರಿಯ ಚಿಕ್ಕಸಿದ್ದಯ್ಯ ಓಡಿ ಬಂದು ಬೇಲಿಯಾಚೆ ನಿಂತ. “ಅವ್ವ, ನನ್ನೆಂಡ್ತಿಗೆ ನೀರೊಡ್ದದೆ, ಬೇಗ ಬಾ” ಎಂದ. ಅವನ ಹೆಂಡತಿ ಕೆಂಪಾಜಮ್ಮನಿಗೆ ಅದು ಮೂರನೆಯದು. ಆ ಸೊಸೆಗೆ ಮೊದಲನೆಯದು. ಮೊದಲ ಹೆರಿಗೆಯಲ್ಲಿ ಅಪಾಯ ಹೆಚ್ಚು ಎಂದು ಕರಪತ್ರದಲ್ಲಿದೆ. ‘ಈಗ ಬಂದೆ’ ಎಂದು ಅವನಿಗೆ ಹೇಳಿ ಗಾಡಿ ಹತ್ತಿದೆ. ಇಲಾಖೆಯ ಮೇಲಿನವರಿಗೆಲ್ಲ ಹಾಗೆಯೇ ಹೇಳಿದ್ದೇನೆ. ನಿನಗೆ ನಿಜ ಹೇಳುತ್ತೇನೆ. ಆ ಮನೆ ನನ್ನನ್ನು ಕರೆದದ್ದು ಅದೇ ಮೊದಲು. ಅದಕ್ಕೇ ಹತ್ತಿದೆ.

ಅದು ಹುಸಿ ನೋವು. “ಇರವ್ವ, ಇನ್ನೊಂದ್ ಗಳ್ಗ, ಕಾಪಿ ಕುಡ್ದು ಓಗೀವಿ” ಎನ್ನುತ್ತ ಅತ್ತೆ ಪುಟ್ಟಮಲ್ಲಮ್ಮ ಮಧ್ಯಾಹ್ನದವರೆಗೂ ಕೂರಿಸಿಕೊಂಡರು. ಕೂತೆ.

ಕೇರಿಗೆ ಹೋದಾಗ ರಾಚಮ್ಮ ಕೆಂಪಾಜಮ್ಮನ ಪಕ್ಕದಲ್ಲಿದ್ದಳು. ಮಗುವಿನ ಕಾಲು ಮೊದಲು ಬಂದಿತ್ತು. ಅಂಥ ಎಷ್ಟೋ ಕೂಸುಗಳನ್ನು ಅವಳು ಉಳಿಸಿದ್ದಳಂತೆ. ಈ ಸಲ ತಡೆಯಲಾರದೆ ಕೊನೆಗೆ ಕೈ ಹಾಕಿದಾಗ ಹೊತ್ತು ಮೀರಿತ್ತು. ಗಂಡು ಕೂಸು. ತಾಯಿ ಉಳಿದಳು. ರಾಚಮ್ಮ ಕೂಗಾಡಲಿಲ್ಲ. “ಮಾತು ಕೊಟ್ಟಿದ್ನಲ್ಲ ಕಣವ್ವ, ನೀ ಬತ್ತೀಯ ಅಂತ ಕೈ ಕಟ್ಕಂಡು ಕೂತಿದ್ದೆ” ಎಂದಳು, ಅಷ್ಟೆ.

ರಿಜಿಸ್ಟರಿನಲ್ಲಿ ‘ತರಬೇತಿ ಇಲ್ಲದ ಸೂಲಗಿತ್ತಿಯಿಂದ’ ಎಂದು ಬರೆ, ನಿನಗೇ ಒಳ್ಳೆಯದು ಎಂದು ತನಿಖೆಗೆ ಬಂದ ನನ್ನ ಮೇಲ್ವಿಚಾರಕಿ ಪೆನ್ಸಿಲಿನಲ್ಲಿ ಗುರುತು ಹಾಕಿ ಹೋದರು. ನಾನು ಅದರ ಮೇಲೆಯೇ ಶಾಯಿಯಲ್ಲಿ ಬರೆದೆ: ‘ಕರೆ ಬಂದಿತ್ತು, ನರ್ಸ್ ಹೋಗಲಿಲ್ಲ.’ ಏನಾಗುತ್ತದೋ ಗೊತ್ತಿಲ್ಲ. ಹೆಬ್ಬೆಟ್ಟಿನ ಕಾಗದವನ್ನು ರಾಚಮ್ಮನ ಎದುರೇ ಹರಿದೆ. ಬ್ಲೇಡು, ಕುದಿಸಿದ ದಾರ ಕೊಟ್ಟೆ. ತೆಗೆದುಕೊಂಡಳು. ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಕೇರಿಯಲ್ಲಿ ಯಾರೂ ನನ್ನನ್ನು ಬೈಯುವುದಿಲ್ಲ. ಬೈದಿದ್ದರೆ ಮಾತಾಡಿದಂತಾದರೂ ಆಗುತ್ತಿತ್ತು. ಇಡೀ ದಿನ ನನ್ನ ದನಿ ನನಗೇ ಕೇಳಿಸದೆ ಸಂಜೆಯಾಗುತ್ತದೆ. ಒಮ್ಮೊಮ್ಮೆ ಕರಪತ್ರಗಳನ್ನೇ ಗಟ್ಟಿಯಾಗಿ ಓದುತ್ತೇನೆ.

ಕೇರಿಯಲ್ಲಿ ಮೂವರು ಬಸುರಿಯರಿದ್ದಾರೆ. ಮೂವರಿಗೂ ದೀಪಾವಳಿಯ ಆಸುಪಾಸು ದಿನ. ನಿನಗೆ ಆಸ್ಪತ್ರೆ ಎರಡು ಬೀದಿಯಾಚೆಗಿದೆ. ಇವರಿಗೆ ಇರುವುದು ಹನೂರಿನ ಆಸ್ಪತ್ರೆಯ ದಾರಿ, ಅದೂ ಯಾರಾದರೂ ಗಾಡಿ ಕೊಟ್ಟರೆ. ಆದ್ದರಿಂದ ನಾನು ಇಲ್ಲೇ ಇರಬೇಕು. ನೀನು ಹೊತ್ತುಗಟ್ಟಲೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಡ. ಮುಖ ಊದಿದರೆ, ಕಣ್ಣು ಮಂಜಾದರೆ ಯಾರ ಅಪ್ಪಣೆಗೂ ಕಾಯದೆ ಆಸ್ಪತ್ರೆಗೆ ಹೋಗು. ಕಾಯಬೇಡ ಅಕ್ಕ, ನನಗಾಗಿಯೂ ಕಾಯಬೇಡ.

ನಿನ್ನ ತಂಗಿ,
ರುದ್ರಾಣಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆ ಮೂವರಲ್ಲಿ ಒಬ್ಬಳೂ ನನ್ನನ್ನು ಕರೆದಿಲ್ಲ. ಬಾವಿಗೆ ಹೋಗುವಾಗ ಅವರ ನಡಿಗೆಯನ್ನು ದೂರದಿಂದ ನೋಡಿ ದಿನಗಳನ್ನು ನಾನೇ ಅಂದಾಜು ಮಾಡಿದ್ದು. ಅವರು ಕರೆಯದೆಯೂ ಇರಬಹುದು. ಯಾರಾದರೂ ಬೇಲಿಯಾಚೆ ಬಂದು ನಿಂತು ಕೂಗಿದರೆ, ಆಗ ನಾನು ಕೊಳ್ಳೇಗಾಲದಲ್ಲಿರಬಾರದು.