ಕಾಲರ್ ಸುಳ್ಳು ಹೇಳಿರಲಿಲ್ಲ

ಕಿಮಾನಾ, ಮಂಗಳವಾರ

ಪಾರ್ಮುವಾತ್ ಮಾವನಿಗೆ,

ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ನಿಮ್ಮ ಮಗಳು ಸಿಯಾಮಂತಾಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಸಿಂಹಿಣಿಯ ಕೊರಳಿನ ರೇಡಿಯೋ ಕಾಲರ್, ಸಿಂಹಗಳ ಮೇಲೆ ಕಣ್ಣಿಡುವ ನಮ್ಮ ಕ್ಯಾಂಪಿಗೆ ಕಳಿಸುವ ಅಂಕಿಗಳು ಹದಿನಾರರ ಲೆಕ್ಕದವು. ಒಂಬತ್ತಾದ ಮೇಲೆ ಎ, ಬಿ ಎಂದು ಎಫ್‌ವರೆಗೆ ಹೋಗುತ್ತವೆ; ಎಫ್ ಎಂದರೆ ಹದಿನೈದು. ಆಮೇಲೆ ಬರುವ 10 ನಮ್ಮ ಹತ್ತಲ್ಲ, ಹದಿನಾರು. ಇದನ್ನು ಕಲಿತೆನೆಂದು ನಿಮ್ಮೆದುರು ಎಷ್ಟು ಜಂಬ ಕೊಚ್ಚಿಕೊಂಡಿದ್ದೆ!

ಮೊನ್ನೆ ನೀವು ಕೇಳಿದಿರಿ, "ಅವಳು ಜೌಗಿನ ಹತ್ರ ಇದ್ದಾಳೆ ಅಂತೀಯಲ್ಲ, ಆ ಸುದ್ದಿ ಎಷ್ಟು ಹೊತ್ತಿಂದು?"

ತೆರೆಯ ಮೇಲೆ, ಸುದ್ದಿ ಎಷ್ಟು ಗಂಟೆ ಹಳೆಯದೆಂದು ತೋರಿಸುವ ಕಡೆ, 10 ಇತ್ತು. ಅಕ್ಷರ ಕಂಡಿದ್ದರೆ ಎಚ್ಚೆತ್ತುಕೊಳ್ಳುತ್ತಿದ್ದೆ. "ಹತ್ತು ಗಂಟೆ ಹಿಂದಿಂದು, ಮಾವ" ಎಂದುಬಿಟ್ಟೆ.

"ಹಂಗಾದ್ರೆ ಇಲ್ಲಿಗೆ ಬರೋಕೆ ಇನ್ನೂ ಹೊತ್ತಿದೆ. ದೊಡ್ಡಿ ಬೇಲಿಗೆ ಮುಳ್ಳು ನಾಳೆ ಹಾಕಿದ್ರಾಯ್ತು" ಎಂದಿರಿ.

ಆ ಸುದ್ದಿ ಹದಿನಾರು ಗಂಟೆ ಹಳೆಯದಾಗಿತ್ತು; ಆ ರಾತ್ರಿಯೇ ಅವಳು ದೊಡ್ಡಿಗೆ ನುಗ್ಗಿ, ನೀವು ಪ್ರೀತಿಯಿಂದ ಹಾಡು ಕಟ್ಟಿದ್ದ ಎತ್ತನ್ನೇ ಕೊಂದಳು.

ಕಾಲರೇ ತಪ್ಪು ಹೇಳಿತೆಂದು ನೀವು ಊರಿಗೆಲ್ಲ ಹೇಳಿದಿರಂತೆ, ನನ್ನ ಹೆಸರೆತ್ತಲಿಲ್ಲವಂತೆ. ಕಾಲರ್ ಕಟ್ಟಿಯೂ ಉಪಯೋಗವಿಲ್ಲದ ಮೇಲೆ ಸಿಂಹಿಣಿಯನ್ನು ಯಾಕೆ ಉಳಿಸಬೇಕೆಂದು ದನ ಕಾಯುವ ಯೋಧರಾದ ಮೊರಾನ್ ಹುಡುಗರು ಈಟಿ ಮಸೆಯುತ್ತಿದ್ದಾರಂತೆ. ಮಾವ, ಅವರು ಹೊರಡುವ ಮುಂಚೆ ಸಿಯಾಮಂತಾ ಈ ಕಾಗದವನ್ನು ಎಲ್ಲರೆದುರು ಗಟ್ಟಿಯಾಗಿ ಓದಲಿ. ಕಾಲರ್ ಸರಿಯಾಗಿಯೇ ಹೇಳಿತ್ತು. ತಪ್ಪಿದವನು ನಾನು. ದಯವಿಟ್ಟು ನನ್ನನ್ನು ಕಾಪಾಡಬೇಡಿ.

ನಾಳೆ ಮುಳ್ಳು ಕಡಿಯಲು ಬರುತ್ತೇನೆ. ಒಳಗೆ ಕರೆಯದಿದ್ದರೂ ಸರಿ, ಮಚ್ಚೊಂದನ್ನು ಹೊರಗಿಟ್ಟಿರಿ.

ನಿಮ್ಮ ತಂಗಿಯ ಮಗ,
ಕೊಯಿಲೆಕೆನ್