ಜಿದ್ದಾದಲ್ಲಿ ಇಳಿಯುವ ಮುಂಚೆ ಕಪ್ಪಾದ ಪರದೆ

ಕಾರಟಗಿ
ಸೋಮವಾರ

ಇಮಾಮಬೀ ಭಾಬಿಯವರಿಗೆ, ನಿಮ್ಮ ಮನೆಯವರ ಜೊತೆ ಮೂವತ್ತು ವರ್ಷ ಒಂದೇ ಅಕ್ಕಿ ಗಿರಣಿಯಲ್ಲಿ ಬೆವರು ಒರೆಸಿಕೊಂಡ ಹನುಮಣ್ಣ ಮಾಡುವ ಸಲಾಮು.

ಈ ಪತ್ರವನ್ನು ನಿಮ್ಮ ಮೊಮ್ಮಗಳು ಖುಷ್ಬು ಓದಿ ಹೇಳುತ್ತಾಳೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಖುಷ್ಬು, ನಡುವೆ ನಿನ್ನ ಮಾತು ಸೇರಿಸಬೇಡವ್ವ, ನನ್ನದು ಒಂದೂ ಬಿಡಬೇಡ. ಅಜ್ಜಿ ಸಾಕು ಅಂದರೂ ಕಡೀತನಕ ಓದು. ಭಾಬಿ, ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಮೂರು ಸಲ ಮಾಡಿದೆ. ಮೂರು ಸಲವೂ ನಮಾಜಿಗೆ ಕೂತಿದ್ದೀರಿ ಅಂತ ಹೇಳಿಸಿದಿರಿ. ಮುಂಜಾನೆ ಹತ್ತೂವರೆಗೆ ಯಾವ ನಮಾಜು ಅಂತ ನಾನು ಕೇಳಲಿಲ್ಲ. ನನ್ನ ಮೇಲೆ ಸಿಟ್ಟಾಗಲಿಕ್ಕೆ ನಿಮಗೆ ಹಕ್ಕಿದೆ.

ಎಂಟು ದಿನದ ಹಿಂದೆ, ಭಾನುವಾರ, ನಮ್ಮ ಮನೆಯಲ್ಲಿ ಆದದ್ದು ಆಗಿಹೋಯಿತು. ಮರುದಿನ ನಿಮ್ಮ ಮಗ ಅಫ್ರೋಜ ಗಂಗಾವತಿಯ ತನ್ನ ಕಂಪ್ಯೂಟರ್ ಅಂಗಡಿಯಿಂದಲೇ ಫೋನ್ ಮಾಡಿ, "ಕಾಕಾ, ಅಮ್ಮ ಉಮ್ರಾಕ್ಕ ಹೋಗಂಗಿಲ್ಲ ಅಂತಾಳ್ರಿ. ಹೆಸರು ತೆಗಿಸು ಅಂತ ಹಟಾ ಹಿಡದಾಳ" ಅಂದ. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ನಿಮ್ಮ ತಮ್ಮ, ಅವರ ಹೆಂಡತಿ, ನೀವು ಮೂವರೂ ಮಕ್ಕಾ ಯಾತ್ರೆಗೆ ಹೋಗುವ ಗುಂಪಿಗೆ ಹೆಸರು ಖಾತ್ರಿ ಮಾಡಲಿಕ್ಕೆ ಈ ಶನಿವಾರ ಕೊನೆಯಂತೆ. ಪಾಸ್‌ಪೋರ್ಟ್ ಬಂದು ಟ್ರಂಕಿನಲ್ಲಿ ಕೂತಿದೆಯಂತೆ. ತೀರಿಹೋದ ನಿಮ್ಮ ಮನೆಯವರು ಹಾಜಿಸಾಬಣ್ಣನ ಹೆಸರಿನಲ್ಲೂ ಒಂದು ಉಮ್ರಾ ಮಾಡಿ ಬರುತ್ತೇನೆ ಅಂತ ನೀವು ಓಣಿಗೆಲ್ಲ ಹೇಳಿದ್ದಿರಿ. "ಹೆಸರಿನ್ಯಾಗ ಹಾಜಿ ಅದೀನಿ, ಹುಲಿಗಿ ದಾಟಿ ಆಕಡಿ ಹೋಗಿಲ್ಲ" ಅಂತ ಅವರೇ ನಗುತ್ತಿದ್ದರಲ್ಲ. ಅಂಥವರ ಹೆಸರಿನ ಉಮ್ರಾ ನನ್ನ ಒಂದು ಕಂಪ್ಯೂಟರ್ ಡಬ್ಬಿಯ ಸಲುವಾಗಿ ನಿಂತುಹೋಗುತ್ತದೆ ಅಂದರೆ ನಾನು ಹೇಗೆ ಸುಮ್ಮನೆ ಕೂಡಲಿ?

ಮೊದಲ ಸಲ ನೀವು ಬಂದಾಗಿನಿಂದ ಹೇಳುತ್ತೇನೆ. ನಮ್ಮ ಮನೆಯಾಕೆ ಫಕೀರಮ್ಮ ತೀರಿದ ಮೇಲೆ ಮನೆಯಲ್ಲಿ ಗಡಿಯಾರದ ಸಪ್ಪಳ ಜಾಸ್ತಿ ಆಯಿತು. ಅಫ್ರೋಜನಿಗೆ ಹೇಳಿ ಒಂದು ಕಂಪ್ಯೂಟರ್ ಜೋಡಿಸಿಕೊಂಡೆ. ಅದರಲ್ಲಿ ವಿಮಾನ ಹಾರಿಸುವುದು ಕಲಿತೆ. ಆಟ ಅಂದರೆ ಅಫ್ರೋಜನಿಗೆ ಸಿಟ್ಟು, ಸಿಮ್ಯುಲೇಟರ್ ಅನ್ನಬೇಕಂತೆ. ನಿಜವಾದ ಪೈಲಟ್ಟುಗಳೂ ಅಂಥದ್ದರ ಮೇಲೇ ಕಲಿಯುತ್ತಾರಂತೆ. ಮರಳಿ ಊರಿನ ಭತ್ತದ ಗದ್ದೆ, ಎಡದಂಡೆ ಕಾಲುವೆ, ತುಂಗಭದ್ರಾ ಡ್ಯಾಮು ಎಲ್ಲ ಮೇಲಿನಿಂದ ಕಾಣುತ್ತವೆ. ನೀವು ವಿಮಾನಕ್ಕೆ ಹೆದರುತ್ತೀರಿ ಅಂತ ಅಫ್ರೋಜ ಹೇಳಿದಾಗ ನಾನೇ ಮುಂದಾಗಿ, ಕರಕೊಂಡು ಬಾ, ಹೈದರಾಬಾದಿನಿಂದ ಜಿದ್ದಾದವರೆಗೆ ಕೂತಲ್ಲೇ ತೋರಿಸುತ್ತೇನೆ ಅಂದೆ. ಹೆಚ್ಚುಗಾರಿಕೆ ನನ್ನದೇ.

ಅವತ್ತು ಏರಿದ್ದು ಸುಸೂತ್ರ ಇತ್ತು. ಇಳಿಯುವಾಗ ಮಾತ್ರ ಚಿತ್ರ ತಡೆತಡೆದು ಬಂತು. ಊರು ದೊಡ್ಡದಾದಷ್ಟೂ, ಕಟ್ಟಡ ಹೆಚ್ಚಿದಷ್ಟೂ ಕಂಪ್ಯೂಟರಿಗೆ ಲೆಕ್ಕ ಹೆಚ್ಚು. ಅದರ ಮಿದುಳಿನಂಥ ಒಂದು ಚಿಪ್ಪು ಇರುತ್ತದೆ, ಪ್ರೊಸೆಸರ್ ಅನ್ನುತ್ತಾರೆ. ಅದು ಹಿಂದೆ ಬಿತ್ತೆಂದರೆ ಚಿತ್ರ ಅರೆಗಳಿಗೆ ನಿಂತು ಮುಂದಕ್ಕೆ ಜಿಗಿಯುತ್ತದೆ. ನೀವು ಸೆರಗು ಬಾಯಿಗೆ ಹಿಡಿದು, "ಹಳ್ಳದಾಗ ಎತ್ತು ನಿಂತಂಗ ನಿಂದರತೈತಲ್ಲೋ ಇದು. ಮ್ಯಾಲ ನಿಂತರ ಗತಿ ಏನು?" ಅಂದಿರಿ. ಅದು ಚಿತ್ರ ನಿಂತದ್ದು ಭಾಬಿ, ವಿಮಾನ ನಿಂತದ್ದಲ್ಲ. ಆದರೆ ಎರಡರ ನಡುವಿನ ಫರಕು ಬಾಯಿಂದ ಹೇಳಿದರೆ ಯಾರು ನಂಬುತ್ತಾರೆ? ಮುಂದಿನ ವಾರ ಬನ್ನಿ, ಬೆಣ್ಣೆಯ ಹಾಗೆ ಇಳಿಸುತ್ತೇನೆ ಅಂತ ಮಾತು ಕೊಟ್ಟೆ.

ಪ್ರೊಸೆಸರಿಗೆ ಕಂಪನಿಯವರು ಒಂದು ಓಟದ ವೇಗ ಗೊತ್ತು ಮಾಡಿರುತ್ತಾರೆ. ಕೆಲವಕ್ಕೆ ಅದರ ಮೇಲೂ ಓಡಿಸಲಿಕ್ಕೆ ಅವಕಾಶ ಬಿಟ್ಟಿರುತ್ತಾರೆ. ಓವರ್‌ಕ್ಲಾಕಿಂಗ್ ಅಂತ ಅದರ ಹೆಸರು. ಇಂಟರ್ನೆಟ್ಟಿನಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನೇ ಓದಿದೆ. ಕೊಪ್ಪಳದ ಕಾಲೇಜಿನಲ್ಲಿ ಒಂದೂವರೆ ವರ್ಷ ಕೂತವನು ನಾನು. ಅಪ್ಪ ಹಾಸಿಗೆ ಹಿಡಿಯದಿದ್ದರೆ ಬಿ.ಎಸ್ಸಿ. ಮುಗಿಸುತ್ತಿದ್ದೆ. ನಮ್ಮ ಇಂಗ್ಲಿಷ್ ಸರ್ ಒಂದು ಮಾತು ಬರೆಸಿದ್ದರು, ಹೇಸ್ಟ್ ಈಸ್ ದಿ ಫಾದರ್ ಆಫ್ ಏನೋ ಒಂದು, ಅವಸರವೇ ಅದರ ಅಪ್ಪ ಅಂತ. ಆ ಮಗ ಯಾರು ಅಂತ ಮರೆತಿತ್ತು. ಭಾನುವಾರ ಗೊತ್ತಾಯಿತು. ಆ ಬರಹದ ಕೊನೆಯಲ್ಲಿ ಆಟ್ ಯುವರ್ ಓನ್ ರಿಸ್ಕ್ ಅಂತಲೂ ಇತ್ತು. ಯುವರ್ ಅಂದರೆ ನನ್ನದು ತಾನೇ, ನಾನು ನೋಡಿಕೊಳ್ಳುತ್ತೇನೆ ಅಂದುಕೊಂಡೆ. ರಿಸ್ಕು ಪಕ್ಕದಲ್ಲಿ ಕೂತು ನೋಡುವವರ ಮೇಲೂ ಬೀಳುತ್ತದೆ ಅಂತ ಅಲ್ಲಿ ಬರೆದಿರಲಿಲ್ಲ.

ನನ್ನ ತಪ್ಪು ಕೇಳಿ. ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಸಲವೂ ಉಷ್ಣ ಎಷ್ಟಿದೆ ನೋಡು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಉಷ್ಣ ನೋಡುವುದನ್ನು ನನಗೆ ಯಾರು ಕಲಿಸಬೇಕು? ಗಿರಣಿಯ ಬೇರಿಂಗು ಕಾದಿದೆಯೋ ಇಲ್ಲವೋ ಅಂತ ಮೂವತ್ತು ವರ್ಷ ಅಂಗೈ ಇಟ್ಟು ಹೇಳಿದವನು. ಕೈ ತಡೆದರೆ ನಡೆಸು, ತಡೆಯದಿದ್ದರೆ ನಿಲ್ಲಿಸು, ಇಷ್ಟೇ ನಮ್ಮ ಶಾಸ್ತ್ರ. ಹಾಗೇ ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈ ಇಟ್ಟೆ. ಮಣ್ಣಿನ ಕೊಡದ ಹಾಗೆ ತಣ್ಣಗಿತ್ತು. ಒಂದು ಮೆಟ್ಟಿಲು ಏರಿಸಿದೆ, ಮತ್ತೆ ಕೈ ಇಟ್ಟೆ, ತಣ್ಣಗೆ. ಹಾಗಾದರೆ ಒಂದೊಂದು ಯಾಕೆ ಅಂತ ಒಮ್ಮೆಲೇ ನಾಲ್ಕು ಏರಿಸಿದೆ. ವಿಮಾನ ಗದ್ದೆಯ ಮೇಲೆ ಹದ್ದಿನ ಹಾಗೆ ತೇಲಿತು. ಹತ್ತು ನಿಮಿಷ ನೋಡಿ ಸಾಕು ಮಾಡಿದೆ. ಪ್ರೊಸೆಸರು ಇರುವುದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದರ ಬಿಸಿ ಹೊರಗಿನ ತಗಡಿಗೆ ಬರುವುದಿಲ್ಲ. ಸಾಲದ್ದಕ್ಕೆ ನಮ್ಮ ಮನೆ ಗಿರಣಿಯ ಹಿಂದೆ. ಎರಡು ವರ್ಷದ ತೌಡಿನ ಧೂಳು ಒಳಗಿನ ಫ್ಯಾನಿಗೆ ಹೊದಿಕೆಯ ಹಾಗೆ ಕೂತಿತ್ತು. ನಾನು ಹೊರಗೆ ಅಂಗೈ ಇಟ್ಟುಕೊಂಡು ಭೇಷ್ ಅನ್ನುತ್ತಿದ್ದಾಗ ಒಳಗೆ ಅದು ಬೇಯುತ್ತಿತ್ತು.

ಭಾನುವಾರ ನೀವು ಬಂದಿರಿ. ಮಗ್ಗಲ ಮನೆಯ ದುರಗಮ್ಮನೂ ಬಂದು ಕೂತಳು. ಹೈದರಾಬಾದು ಬಿಟ್ಟೆವು. ಸಮುದ್ರವನ್ನು ನಾನು ಬೇಗಬೇಗ ದಾಟಿಸಿದೆ. ಜಿದ್ದಾದ ದೀಪಗಳು ಕಂಡವು. ಒಂದೂ ತಡೆ ಇಲ್ಲ. ನಿಮ್ಮ ಕೈಯೊಳಗಿನ ತಸ್ಬಿಯ ಮಣಿಗಳು ನಿಂತಿದ್ದವು, ತುಟಿಯ ಮೇಲೆ ಸಣ್ಣ ನಗು ಇತ್ತು, ನಾನು ನೋಡಿದೆ. ನೆಲ ಮೂರು ಸಾವಿರ ಅಡಿ ಕೆಳಗೆ ಇದ್ದಾಗ ಪರದೆ ಕಪ್ಪಾಯಿತು. ಸಪ್ಪಳ ಇಲ್ಲ, ಏನಿಲ್ಲ. "ಕರೆಂಟ್ ಹೋಗಿರಬೇಕ ತಗೋರಿ, ಮೋಡದಾಗೂ ಲೈನ್‌ಮನ್ ಬೇಕ್ರಿ" ಅಂತ ದುರಗಮ್ಮ ನಕ್ಕಳು. ಆದರೆ ನಮ್ಮ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ನೀವು ಅದನ್ನು ಒಮ್ಮೆ ನೋಡಿ, ಕಪ್ಪು ಪರದೆ ನೋಡಿ, ನನ್ನ ಕಡೆ ತಿರುಗಿ ಕೇಳಿದಿರಿ.

"ಒಳಗ ಕುಂತ ಮಂದಿ ಎಲ್ಲಿ ಹೋದ್ರು ಹನುಮಣ್ಣ?"

ಒಳಗೆ ಯಾರೂ ಇರಲಿಲ್ಲ ಭಾಬಿ ಅನ್ನಬೇಕಿತ್ತು. ನಾನು ಬಗ್ಗಿ ಡಬ್ಬಿಯ ಗುಂಡಿ ಒತ್ತುತ್ತ ಕೂತೆ. ನೀವು ಚಹಾ ಮುಟ್ಟದೆ ಎದ್ದು ಹೋದಿರಿ.

ಬುಧವಾರ ಅಫ್ರೋಜ ಅಂಗಡಿ ಮುಚ್ಚಿ ಬಂದ. ಇಬ್ಬರೂ ಡಬ್ಬಿ ಬಿಚ್ಚಿದೆವು. ಅವನು ಬ್ರಷ್ಷಿನಿಂದ ಧೂಳು ತೆಗೆದ, ಒಣಗಿ ಹಪ್ಪಳವಾಗಿದ್ದ, ಬಿಸಿ ಹೊರಗೆ ದಾಟಿಸುವ ಪೇಸ್ಟು ಒರೆಸಿ ಪ್ರೊಸೆಸರಿಗೆ ಹೊಸದು ಹಚ್ಚಿದ, ದೊಡ್ಡ ಫ್ಯಾನು ಕೂಡಿಸಿದ. ಹಳೆಯ ಸೆಟ್ಟಿಂಗುಗಳನ್ನೆಲ್ಲ ಹಾಳೆಯ ಮೇಲೆ ಬರೆಸಿದ, ಕೆಟ್ಟರೆ ಹಿಂದಕ್ಕೆ ಬರಲಿಕ್ಕೆ ದಾರಿ ಬೇಕು ಅಂತ. ಒಳಗಿನ ಉಷ್ಣವನ್ನು ಪರದೆಯ ಮೂಲೆಯಲ್ಲೇ ತೋರಿಸುವ ಹಾಗೆ ಮಾಡಿದ. ಆಮೇಲೆ ಒಂದು ಮೆಟ್ಟಿಲು, ಒಂದು ತಾಸು ಅದಕ್ಕೆ ಮೈಮುರಿಯುವ ಕೆಲಸ. ಕೆಟ್ಟಿಲ್ಲವೇ, ಇನ್ನೊಂದು ಮೆಟ್ಟಿಲು, ಮತ್ತೆ ಒಂದು ತಾಸು. ವೋಲ್ಟೇಜು ಏರಿಸಲಿಕ್ಕೆ ನಾನು ಕೈ ಹಾಕಿದಾಗ ನನ್ನ ಕೈ ಹಿಡಿದ. "ಕಾಕಾ, ಅದು ಉಪ್ಪು ಇದ್ದಂಗ್ರಿ. ಹೆಚ್ಚಾದ್ರ ತೆಗಿಲಿಕ್ಕ ಬರಂಗಿಲ್ಲ" ಅಂದ. ನಾಲ್ಕನೆಯ ಮೆಟ್ಟಿಲಿಗೆ ಕಂಪ್ಯೂಟರು ಒಮ್ಮೆ ಬಿಕ್ಕಿ ನಿಂತಿತು. ಮೂರಕ್ಕೆ ಬಂದರೆ ನಿಲ್ಲದೆ ಓಡಿತು. ಸರಿ, ಮೂರು ಇರಲಿ ಅಂದೆ. ಅವನು ಎರಡಕ್ಕೆ ಇಳಿಸಿದ. ಓಡುವಾಗ ಯಾಕೋ ಇಳಿಸುತ್ತೀ ಅಂದರೆ, "ನಮ್ಮಪ್ಪ ಹೇಳತಿದ್ರಲ್ರಿ, ಕೆಂಪು ಗೆರಿತನಕ ಓಡಸಬ್ಯಾಡ ಅಂತ" ಅಂದ.

ಹೌದು ಭಾಬಿ. ಬಾಯ್ಲರಿನ ಮುಂದೆ ನಿಮ್ಮ ಮನೆಯವರನ್ನು ನೀವು ನೋಡಿಲ್ಲ, ನಾನು ನೋಡಿದ್ದೇನೆ. ಒತ್ತಡದ ಮುಳ್ಳು ಕೆಂಪು ಗೆರೆಗೆ ಎರಡು ಬೆರಳು ಕೆಳಗೇ ಇರಬೇಕು. ಮಾಲೀಕರು ಬಂದು ಲಾರಿ ಕಾಯುತ್ತಿವೆ ಅಂತ ಕೂಗಿದರೂ ಅವರು ಒಲೆಗೆ ಹೊಟ್ಟನ್ನು ಒಂದು ಪುಟ್ಟಿ ಹೆಚ್ಚಿಗೆ ಹಾಕುತ್ತಿರಲಿಲ್ಲ. ಆ ಎರಡು ಬೆರಳು ಕೆಲಸಗಾರರ ಹೆಂಡಿರು ಮಕ್ಕಳದ್ದು ಅನ್ನುತ್ತಿದ್ದರು. ವಿಮಾನ ಕಟ್ಟುವವರೂ ಹಾಗೆಯೇ ಬಿಡುತ್ತಾರಂತೆ, ಒಂದು ಯಂತ್ರ ನಿಂತರೂ ಇನ್ನೊಂದರ ಬಲದಿಂದ ಇಳಿಯುವ ಹಾಗೆ. ಗೆರೆ ದಾಟಿದ್ದು ನನ್ನ ಡಬ್ಬಿ. ನೀವು ಕೂಡುವ ವಿಮಾನ ಅಲ್ಲ.

ಈಗ ಅದು ಐದು ದಿನದಿಂದ ಕೆಟ್ಟಿಲ್ಲ. ಇಳಿಯುವಾಗ ಒಂದೆರಡು ಕಡೆ ಸಣ್ಣಗೆ ತಡೆಯುತ್ತದೆ. ಕಟ್ಟಡ ಕಡಿಮೆ ತೋರಿಸು ಅಂದರೆ ಅದೂ ಇಲ್ಲ. ಬಂದು ನೋಡಿ ಅಂತ ಕರೆಯಲಿಕ್ಕೆ ಈ ಪತ್ರ ಬರೆಯುತ್ತಿಲ್ಲ. ಪರದೆ ನೋಡಿ ಹೆದರಿದವರಿಗೆ ಪರದೆ ತೋರಿಸಿಯೇ ಧೈರ್ಯ ಹೇಳುವುದು ನಾಚಿಕೆಗೇಡು. ನಾನು ಹೇಳಬೇಕಾದದ್ದು ಬೇರೆ ಇದೆ. ಇಲ್ಲಿತನಕ ಸುತ್ತಿ ಸುತ್ತಿ ಬಂದದ್ದು ಅದನ್ನು ಮುಂದೂಡಲಿಕ್ಕೆ.

ನಿಮಗೆ ನೆನಪಿರುತ್ತದೆ. ಹನ್ನೊಂದು ವರ್ಷದ ಹಿಂದೆ ಮಾಲೀಕರು ಹಳೆಯ ಕೆಲಸಗಾರರನ್ನು ಹೆಂಡತಿ ಸಮೇತ ವಿಮಾನದಲ್ಲಿ ಕಾಶಿಗೆ ಕಳಿಸುತ್ತೇನೆ ಅಂದರು. ಫಕೀರಮ್ಮ ಒಂದು ಕೆಂಪು ಸ್ವೆಟರ್ ತರಿಸಿಕೊಂಡಳು. ನಿಮ್ಮ ಮುಂದೆಯೇ ಹಾಕಿಕೊಂಡು ತೋರಿಸಿದ್ದಳಂತೆ. ಕಡೆಗೆ ನಾವು ಹೋಗಲಿಲ್ಲ. ಎಂಟು ದಿನ ನನ್ನ ಕೆಲಸ ನೋಡಿಕೊಳ್ಳಲಿಕ್ಕೆ ಹಾಜಿಸಾಬಣ್ಣ ಒಪ್ಪಲಿಲ್ಲ, ಸುಗ್ಗಿ ಬಿಟ್ಟು ಹೇಗೆ ಹೋಗಲಿ ಅಂತ ನಾನು ಅವಳಿಗೆ ಹೇಳಿದ್ದೆ. ಅವಳು ಬಂದು ನಿಮ್ಮ ಹತ್ತಿರ ಅತ್ತಳು. ನೀವು ಮನೆಯಲ್ಲಿ ಅವರ ಜೊತೆ ಜಗಳ ಮಾಡಿದಿರಿ. ನನ್ನ ಗೆಳತಿಗೆ ಎಂಟು ದಿನ ಕೊಡಲಿಕ್ಕೆ ಆಗದ ಗಂಡಸು ನೀನು ಅಂತ ತಿಂಗಳುಗಟ್ಟಲೆ ಹಂಗಿಸಿದಿರಿ.

ಅವರು ಒಪ್ಪಿದ್ದರು ಭಾಬಿ. ನಾನು ಕೇಳುವ ಮೊದಲೇ ಬಂದು, "ಗಿರಣಿ ನಾ ನೋಡಕೋತೀನಿ, ತಂಗಿ ಫಕೀರಮ್ಮನ್ನ ಕರಕೊಂಡು ಹೋಗಿ ಬಾ" ಅಂದಿದ್ದರು. ಹೆದರಿದವನು ನಾನು. ಯಾವ ನಟ್ಟು ಯಾವಾಗ ಸಡಿಲಾಗುತ್ತದೆ ಅಂತ ಗೊತ್ತಿರುವ ಮನುಷ್ಯನಿಗೆ ನೆಲ ಬಿಟ್ಟು ಏಳುವುದು ಅಂದರೆ ಸಾವಿರ ನಟ್ಟನ್ನು ಒಮ್ಮೆಲೇ ನಂಬಿದ ಹಾಗೆ. ಹೆಂಡತಿಯ ಮುಂದೆ ಅದನ್ನು ಹೇಳಲಿಕ್ಕೆ ನಾಚಿಕೆ ಬಂತು. ಬಾಯಿಗೆ ಅವರ ಹೆಸರು ಬಂತು, ಹೇಳಿಬಿಟ್ಟೆ. ಅವರಿಗೆ ಗೊತ್ತಾದಾಗ ನನ್ನನ್ನು ಬಾಯ್ಲರಿನ ಹತ್ತಿರ ಕರೆದು ಒಂದೇ ಮಾತು ಆಡಿದರು. "ಹನುಮಣ್ಣ, ನಾ ಅಂದೀನಿ ಅಂತ ಇರಲಿ ಬಿಡು. ನಿನ್ನ ಮನಿಯೊಳಗ ನಿನ್ನ ಮಾನ ಉಳೀಲಿ." ನಿಮ್ಮ ಬೈಗುಳವನ್ನೆಲ್ಲ ಅವರು ಸುಮ್ಮನೆ ಉಂಡರು, ನಿಜ ಹೇಳದೆ ಮಣ್ಣಿಗೆ ಹೋದರು. ಫಕೀರಮ್ಮನೂ ತಿಳಿಯದೆಯೇ ಹೋದಳು. ಆ ಸ್ವೆಟರಿನ ಬೆಲೆಯ ಚೀಟಿ ಇನ್ನೂ ಹರಿದಿಲ್ಲ. ಅವಳು ಹೋದ ಮೇಲೆ ನಾನು ವಿಮಾನ ಹಾರಿಸಲಿಕ್ಕೆ ಕೂತದ್ದು ಶೋಕಿಗೆ ಅಂತ ಊರು ತಿಳಿದಿದೆ. ಆ ಹೆದರಿಕೆ ಎಷ್ಟು ದೊಡ್ಡದಿತ್ತು ಅಂತ ಅಳೆಯಲಿಕ್ಕೆ ಕೂತೆ. ಅದು ದೊಡ್ಡದೇನೂ ಇರಲಿಲ್ಲ.

ನಿಮ್ಮ ಗಂಡನ ಮೇಲೆ ನೀವು ಹೊತ್ತ ಆ ಒಂದು ಸಿಟ್ಟನ್ನು ಇವತ್ತು ಇಳಿಸಿರಿ. ಅದನ್ನು ನನ್ನ ಮೇಲೆ ಹಾಕಿರಿ, ನಾನು ಬೇಡ ಅನ್ನುವುದಿಲ್ಲ. ಆದರೆ ಒಬ್ಬಳನ್ನು ನನ್ನ ಅಂಜಿಕೆ ನೆಲಕ್ಕೆ ಕಟ್ಟಿಹಾಕಿತು. ಇನ್ನೊಬ್ಬರನ್ನು ನನ್ನ ಹೆಚ್ಚುಗಾರಿಕೆ ಕಟ್ಟಿಹಾಕಬಾರದು.

ಹೊಸ ಯಂತ್ರ ಬಂದರೆ ಗಿರಣಿಯಲ್ಲಿ ಮೊದಲು ಮಿಸ್ತ್ರಿ ಓಡಿಸಿ ನೋಡಬೇಕು, ಆಮೇಲೆ ಉಳಿದವರನ್ನು ಹತ್ತಿರ ಬಿಡಬೇಕು. ನಾನು ಇಷ್ಟು ದಿನ ಓಡಿಸಿ ನೋಡದೆಯೇ ನಿಮಗೆ ಬುದ್ಧಿ ಹೇಳಲಿಕ್ಕೆ ಬಂದೆ. ಈ ಗುರುವಾರ ತೋರಣಗಲ್ಲಿನಿಂದ ಹೈದರಾಬಾದಿಗೆ ಹೋಗುವ ವಿಮಾನಕ್ಕೆ ನನ್ನ ಹೆಸರಿನಲ್ಲಿ ಒಂದು ಟಿಕೆಟ್ ತೆಗೆಸಿದ್ದೇನೆ. ಒಬ್ಬನೇ ಹೋಗುತ್ತೇನೆ. ಇಳಿದ ಕೂಡಲೇ ನಿಮಗೆ ಫೋನ್ ಮಾಡುತ್ತೇನೆ. ಏನೂ ಆಗಲಿಲ್ಲ ಬನ್ನಿ ಅಂತ ಬಣ್ಣ ಹಚ್ಚುವುದಿಲ್ಲ. ವಿಮಾನ ನಡುಗಿದರೆ ನಡುಗಿತು ಅನ್ನುತ್ತೇನೆ, ನಾನು ಅತ್ತರೆ ಅತ್ತೆ ಅನ್ನುತ್ತೇನೆ. ಒಳಗೆ ಕೂತ ಮಂದಿ ಎಲ್ಲಿದ್ದಾರೆ ಅಂತ ಕೇಳಿದಿರಲ್ಲ, ಒಳಗೆ ಕೂತವನೇ ಉತ್ತರ ಹೇಳುತ್ತಾನೆ. ಅದನ್ನು ಕೇಳಿಕೊಂಡು ಶನಿವಾರದೊಳಗೆ ನೀವೇ ತೀರ್ಮಾನ ಮಾಡಿರಿ. ಬೇಡ ಅಂದರೂ ನನ್ನ ತಕರಾರಿಲ್ಲ. ಅದು ನಿಮ್ಮ ಬೇಡ ಆಗಿರಬೇಕು, ನನ್ನ ಕಪ್ಪು ಪರದೆಯದ್ದು ಆಗಬಾರದು.

ನೀವು ಎಲ್ಲಿದ್ದರೂ ಅಲ್ಲಾನ ನೆರಳು ನಿಮ್ಮ ತಲೆಯ ಮೇಲಿರಲಿ, ಹುಲಿಗೆಮ್ಮನ ಕಣ್ಣೂ ನಿಮ್ಮ ಮೇಲಿರಲಿ.

ಕಿಟಕಿ ಪಕ್ಕದ ಸೀಟು ಕೇಳಿದ್ದೇನೆ. ಕಣ್ಣು ಮುಚ್ಚುವುದಿಲ್ಲ.

ನಿಮ್ಮ ತಪ್ಪುಗಾರ ಮೈದುನ,
ಹನುಮಣ್ಣ